ಕಸ್ತೂರಿಯ ಪಾಲಿನ ಕಹಿ

ನಮ್ಮೂರಿನಲ್ಲಿ ಮಿಠಾಯಿ ಅಂಗಡಿಯ ಮುಂದೆ ನಿಂತು ಯಾರೂ ಮಿಠಾಯಿ ತಿನ್ನುವುದಿಲ್ಲ. ಕಟ್ಟಿಸಿಕೊಂಡು ಮನೆಗೆ ಹೋಗುತ್ತಾರೆ. ಮನೆಯಲ್ಲಿ ಕಹಿ ಹೊತ್ತವಳು ತುಪ್ಪದ ಮೊದಲ ತುತ್ತು ನುಂಗಬೇಕು, ಆಮೇಲೆಯೇ ಉಳಿದವರ ಹೊಟ್ಟೆಗೆ ಜಿಡ್ಡು ಒಗ್ಗುತ್ತದೆ. ಅಪ್ಪ ಬಿಟ್ಟುಹೋದ ಅಂಗಡಿಯಲ್ಲಿ ಕೂತು ಇಷ್ಟು ವರ್ಷ ಬೇಸನ್ ಉಂಡಿ ಮಾರಿದ್ದೇನೆ, ಆದರೆ ಒಬ್ಬ ಗಿರಾಕಿಯೂ ಅದನ್ನು ಬಾಯಿಗಿಟ್ಟುಕೊಂಡದ್ದನ್ನು ಕಣ್ಣಾರೆ ಕಂಡಿಲ್ಲ. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸುತ್ತದಂತೆ. ನಮಗೆ, ಅವರು ರಸ್ತೆಯಲ್ಲಿ ನಿಂತು ಯಾರನ್ನೂ ಕೇಳದೆ ತಿಂದುಬಿಡುವುದೇ ವಿಚಿತ್ರ.

ಪಿತ್ತ, ನಮ್ಮೂರ ಮಾತಿನಲ್ಲಿ ಕಹಿ, ಇರುವುದು ಮನೆಗೆ ಒಬ್ಬರಲ್ಲಿ. ಉಳಿದವರೆಲ್ಲ ಅವಳಿಂದ ತಂದುಕೊಳ್ಳುವವರು. ಅವಳು ತುತ್ತು ನುಂಗಿದ ಕೂಡಲೇ ಅದು ಒಬ್ಬೊಬ್ಬರ ಹೊಟ್ಟೆಗೂ ಹೋಗಿ, ತುಪ್ಪ ಎಣ್ಣೆಯನ್ನೆಲ್ಲ ಒಡೆದು ಹದ ಮಾಡಿ, ನಾವು ಕೈ ತೊಳೆದು ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ತಿರುಗಿ ಅವಳ ಹತ್ತಿರ ಬರುತ್ತದೆ. ಹೋದದ್ದೆಲ್ಲ ಬರುವುದಿಲ್ಲ, ಉಂಡವರಲ್ಲಿ ಒಂದು ಚೂರು ಉಳಿಯುತ್ತದೆ. ಆ ಚೂರನ್ನು ಅವಳ ಮೈ ಹೊಸದಾಗಿ ಮಾಡಿಕೊಳ್ಳುತ್ತದೆ. ಕಹಿ ಹೊತ್ತವಳ ನಾಲಿಗೆಗೆ ಉಪ್ಪು, ಹುಳಿ, ಖಾರ ಎಲ್ಲ ಗೊತ್ತಾಗುತ್ತವೆ, ಸಿಹಿ ಮಾತ್ರ ಗೊತ್ತಾಗುವುದಿಲ್ಲ. ವಯಸ್ಸಾದ ಮೇಲೆ ಸೊಸೆಯ ಬಾಯಿಗೆ ತುತ್ತಿಟ್ಟು ಕಹಿ ಇಳಿಸಿದರೆ ಆ ಸಿಹಿ ವಾಪಸು ಬರುತ್ತದೆ. ಹಾಗೆ ಇಳಿಸಿದ ಮುದುಕಿಯರೇ ನನ್ನ ಖಾಯಂ ಗಿರಾಕಿಗಳು. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಬಂದು ಕಟ್ಟೆಯ ಮೇಲೆ ಕೂತಿರುತ್ತಾರೆ.

ಇನ್ನೊಂದು ಮಾತು ಹೇಳಬೇಕು. ಕಹಿ ಹೊತ್ತವಳಿಗೆ ಸಿಟ್ಟು ಬಂದರೆ ಅವಳು ಎಷ್ಟು ತುಪ್ಪ ನುಂಗಿದರೂ ಪಿತ್ತ ಕದಲುವುದಿಲ್ಲ. ಆಗ ಮನೆಮಂದಿಗೆಲ್ಲ ಒಣರೊಟ್ಟಿಯೇ ಗತಿ. ಅದಕ್ಕೇ ನಮ್ಮೂರ ಗಂಡಸರು ಮನೆಯೊಳಗೆ ಬಹಳ ಮೆತ್ತಗಿನವರು. ನನ್ನ ಅಪ್ಪ ಒಮ್ಮೆ ನನ್ನ ಸೋದರಮಾವನನ್ನು ಹೊಟ್ಟೆಬಾಕ ಅಂದುಬಿಟ್ಟಿದ್ದ. ಅವ್ವನ ಸಿಟ್ಟು ಇಳಿಯುವಷ್ಟರಲ್ಲಿ ಊರಿಗೆಲ್ಲ ತುಪ್ಪದ ಉಂಡಿ ತಿನ್ನಿಸುವ ಮನುಷ್ಯನ ಅಂಗಿ ಮೈಮೇಲೆ ಜೋತುಬಿದ್ದಿತ್ತು. ಯಾರ ಮನೆಯಲ್ಲಾದರೂ ಸಾರಿನ ಮೇಲೆ ಒಗ್ಗರಣೆ ಎಣ್ಣೆ ತೇಲುತ್ತಾ ಉಳಿದರೆ, ಪಕ್ಕದ ಮನೆಯವರು ಕೇಳುವ ಮೊದಲ ಪ್ರಶ್ನೆ, ಏನಂದೆ ಆಕೆಗೆ, ಎಂದು.

ನನ್ನ ಹೆಂಡತಿಯಾಗಿ ಕಸ್ತೂರಿ ನಮ್ಮ ಮನೆಗೆ ಬಂದ ದಿನ ಹೊಸ್ತಿಲಲ್ಲೇ ಅವ್ವ ಅವಳ ಬಾಯಿಗೆ ಕಹಿ ಇಳಿಸಿದಳು. ಅದು ಪದ್ಧತಿ. ಹೊಸ್ತಿಲು ದಾಟಿದ ಮೇಲೆ ಊಟ. ಆ ಊಟಕ್ಕೆಂದು ನಾನು ನನ್ನ ಕೈಯಾರೆ ಉಂಡಿ ಕಟ್ಟಿದ್ದೆ, ಎಳೆ ಹುಡುಗ, ಹುಮ್ಮಸ್ಸಿತ್ತು. ಅವಳ ಎಲೆಗೆ ಎರಡು ಬಡಿಸಿ ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಒಂದನ್ನು ಮುರಿದು ಬಾಯಿಗಿಟ್ಟುಕೊಂಡು, ನಿಧಾನವಾಗಿ ಅಗಿದು, ಯಾರನ್ನೂ ನೋಡದೆ, "ಹಿಟ್ಟ ಛಲೋ ಹುರದಾರ" ಎಂದಳು. ಸಿಹಿಯ ಮಾತೇ ಇಲ್ಲ. ಅವತ್ತಿನಿಂದ ನಾನು ಯಾವ ಮಿಠಾಯಿ ತಂದುಕೊಟ್ಟರೂ ಅದೇ ಮಾತು. ಹಿಟ್ಟು ಚೆನ್ನಾಗಿ ಹುರಿದಿದೆ, ರವೆ ಹದಕ್ಕೆ ಬಂದಿದೆ, ಇವತ್ತು ಒಂಚೂರು ಹಸಿವಾಸನೆ ಉಳಿದಿದೆ. ಮೊದಮೊದಲು ಪೆಚ್ಚಾಗುತ್ತಿದ್ದೆ. ಆಮೇಲೆ ಅವಳ ಮಾತನ್ನು ನೆಚ್ಚಿಕೊಂಡೇ ಹಿಟ್ಟು ಹುರಿಯತೊಡಗಿದೆ. ಊರಲ್ಲಿ ಶಿವಪುತ್ರಪ್ಪನ ಉಂಡಿಗೆ ಹೆಸರು ಬಂದದ್ದು ನನ್ನಿಂದಲ್ಲ, ಅವಳ ಮೂಗಿನಿಂದ ಎಂದು ನಾನೇ ಎಷ್ಟೋ ಸಲ ಹೇಳಿದ್ದೇನೆ. ಅವಳು ನಗುತ್ತಿದ್ದಳು.

ಮಗಳು ವಿಜಿ ಶಾಲೆಯಲ್ಲಿ ಎಂಟನೇ ಇಯತ್ತೆಯಲ್ಲಿದ್ದ ವರ್ಷ ನಮ್ಮ ಮನೆಯ ಊಟ ಕೆಟ್ಟಿತು. ಮೊದಲು ಗೊತ್ತಾದದ್ದು ನನಗೆ. ತಿಂದ ತುಪ್ಪ ತಿಂದ ಹಾಗೆಯೇ ಹೋಗುತ್ತಿತ್ತು, ಹೊಟ್ಟೆ ಸದಾ ಗುಡುಗುಡು ಅನ್ನುತ್ತಿತ್ತು. ಅವ್ವನಿಗೆ ಸಕ್ಕರೆ ಏರಿತು. ನೀರು ಕುಡಿದಷ್ಟೂ ಬಾಯಾರಿಕೆ, ಮಧ್ಯಾಹ್ನ ಉಂಡರೆ ಸಂಜೆಯವರೆಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ವಿಜಿ ಮುಸ್ಸಂಜೆಯಲ್ಲಿ ಕಣ್ಣು ಕಾಣದೆ ಬಾಗಿಲಿನ ಚೌಕಟ್ಟಿಗೆ ಹಾಯತೊಡಗಿದಳು. ಇವೆಲ್ಲದರ ಅರ್ಥ ನಮ್ಮೂರಲ್ಲಿ ಎಳೆಗೂಸಿಗೂ ಗೊತ್ತು. ಕಸ್ತೂರಿಗೆ ಸಿಟ್ಟು ಬಂದಿದೆ.

"ಲೇ ಶಿವಪುತ್ರಾ, ಏನರ ಅಂದಿಯೇನೋ ಆಕಿಗೆ?" ಎಂದು ಅವ್ವ ಅಡುಗೆಮನೆಗೆ ಕೇಳಿಸದ ಹಾಗೆ ಕೇಳಿದಳು. ನಾನು ಏನೂ ಅಂದಿರಲಿಲ್ಲ. ಅಂದಿಲ್ಲ ಅಂದರೆ ನಂಬುವವರು ಯಾರು? ನನಗೇ ನಂಬಿಕೆಯಿರಲಿಲ್ಲ. ಇಳಕಲ್ ಸೀರೆ ತಂದೆ. ಅವಳ ಅಕ್ಕನ ಊರಿಗೆ ಕರೆದುಕೊಂಡು ಹೋಗಿಬಂದೆ. ಅವ್ವ ತನ್ನ ಬೋರಮಾಳ ಸರ ತೆಗೆದು ಸೊಸೆಯ ಕೊರಳಿಗೆ ಹಾಕಿದಳು. ವಿಜಿ ಹೇಳಿಸಿಕೊಳ್ಳದೆ ಪಾತ್ರೆ ತಿಕ್ಕಿದಳು. ಓಣಿಯವರು ಬಂದು ನನ್ನ ಪರವಾಗಿ ಕ್ಷಮೆ ಕೇಳಿದರು, ಯಾವುದಕ್ಕೆ ಎಂದು ಅವರಿಗೂ ಗೊತ್ತಿರಲಿಲ್ಲ. ಕಸ್ತೂರಿ ಎಲ್ಲರಿಗೂ ಚಹಾ ಮಾಡಿಕೊಟ್ಟು ಕಳಿಸಿದಳು.

"ನಿಮ್ಮ ಮ್ಯಾಲ ನನಗ ಸಿಟ್ಟಿಲ್ರಿ" ಎಂದಳು ಒಂದು ದಿನ, ರೊಟ್ಟಿ ಬಡಿಯುತ್ತ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, "ನನಗ ಗೊತ್ತಿಲ್ಲದಂಗ ಎಲ್ಲೋ ಒಳಗ ಬಂದಿರಬೇಕು" ಎಂದಳು.

ಆಮೇಲೆ ಅವಳೇ ತನ್ನ ಸಿಟ್ಟನ್ನು ಹುಡುಕಲು ಕೂತಳು. ಕೆಲಸ ಮುಗಿದ ಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಹಳೆಯ ನೋವುಗಳನ್ನು ಒಂದೊಂದಾಗಿ ಹೊರಗೆ ತೆಗೆದಳು. ಮದುವೆಯಾದ ಹೊಸದರಲ್ಲಿ ಅವಳ ತಮ್ಮನ ಉಗ್ಗನ್ನು ನಾನು ಅಣಕಿಸಿದ್ದು. ವಿಜಿಗಿಂತ ಮುಂಚೆ ಹುಟ್ಟಿ ತೀರಿಕೊಂಡ ಮಗುವಿಗೆ ನಾನು ಹೆಸರಿಡಲು ಒಪ್ಪದಿದ್ದದ್ದು. ಅವ್ವ ತನ್ನ ಮಗಳಿಗೆ ದಪ್ಪ ಬಿಲ್ವಾರ ಬಳೆ, ಸೊಸೆಗೆ ತೆಳ್ಳಗಿನವು ಕೊಟ್ಟದ್ದು. ಒಂದೊಂದನ್ನೂ ಹೇಳಿ, ಇದನ್ನ ಬಿಟ್ಟೆ ನೋಡ್ರಿ, ಅನ್ನುತ್ತಿದ್ದಳು. ಮಗುವಿನ ಮಾತು ಬಂದ ದಿನ ಇಬ್ಬರೂ ಅತ್ತೆವು. ಇಷ್ಟು ವರ್ಷ ಆ ಮಾತು ನಮ್ಮ ನಡುವೆ ಬಂದಿರಲಿಲ್ಲ. ಅತ್ತ ಮೇಲೆ ಅವಳು ಕಣ್ಣೊರೆಸಿಕೊಂಡು, ಇನ್ನು ಹೋಗೇ ಹೋಗತೈತಿ ಎಂದು ಒಂದು ಚಮಚ ತುಪ್ಪ ನುಂಗಿದಳು. ನಾವೆಲ್ಲ ಎಲೆಯ ಮುಂದೆ ಕಾದೆವು. ಕಹಿ ಅವಳಿಂದ ಕದಲಲಿಲ್ಲ. ಆಗ ಅವಳ ಮುಖ ನೋಡಬೇಕಿತ್ತು. ತನ್ನೊಳಗೆ ಇನ್ನೂ ಎಂಥ ದ್ವೇಷ ಉಳಿದಿದೆಯೋ ಎಂದು ಅವಳಿಗೆ ತನ್ನ ಬಗ್ಗೆಯೇ ಹೆದರಿಕೆ ಹುಟ್ಟಿತ್ತು.

ಚಳಿಗಾಲ ಕಳೆಯುವ ಹೊತ್ತಿಗೆ ಅವಳಿಗೆ ಮೈಯೆಲ್ಲ ತುರಿಕೆ ಶುರುವಾಯಿತು. ಅಂಗೈ, ಅಂಗಾಲು, ಬೆನ್ನು. ಬೇವಿನ ಎಣ್ಣೆ ಹಚ್ಚಿದೆವು. ಬಾಚಣಿಗೆಯಿಂದ ಬೆನ್ನು ಕೆರೆದುಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ಅಂಗಳದ ಬಿಸಿಲಿನಲ್ಲಿ ವಿಜಿಯ ತಲೆ ಬಾಚುವಾಗ ವಿಜಿ ತಿರುಗಿ ನೋಡಿ, "ಅವ್ವಾ, ನಿನ್ನ ಕಣ್ಣ ಕಡ್ಲಿಹಿಟ್ಟಿನ ಬಣ್ಣ ಆಗ್ಯಾವ" ಎಂದಳು.

ದವಾಖಾನೆಯ ಡಾಕ್ಟರಬಾಯಿ ಬಹಳ ಹೊತ್ತು ಪರೀಕ್ಷೆ ಮಾಡಿದರು, ಹೊಟ್ಟೆಯ ಫೋಟೋ ತೆಗೆಸಿದರು. ನನ್ನನ್ನೂ ಒಳಗೆ ಕರೆದು ಇಬ್ಬರಿಗೂ ಒಟ್ಟಿಗೆ ಹೇಳಿದರು. ಪಿತ್ತ ಹೊರಗೆ ಬರುವ ನಾಳದ ಬಾಯಿಯಲ್ಲಿ ಗಡ್ಡೆ ಬೆಳೆದಿದೆ. ಬಹಳ ದಿನದಿಂದ ಬೆಳೆದಿದೆ. ಪಿತ್ತ ಹೊರಗೆ ಹೋಗಲಾಗದೆ ರಕ್ತಕ್ಕೆ ಸೇರಿ ತುರಿಕೆ ಹುಟ್ಟಿಸುತ್ತಿದೆ. ನನ್ನ ಅವ್ವನಿಗೆ ಸಕ್ಕರೆ ಏಕೆ ಏರಿತು ಎಂದು ಕೇಳಿದ್ದಕ್ಕೆ ಅವರು, ಪಿತ್ತದ ಕೆಲಸ ಬರೀ ಜಿಡ್ಡು ಕರಗಿಸುವುದಲ್ಲ, ಸುದ್ದಿ ಮುಟ್ಟಿಸುವುದೂ ಹೌದು ಎಂದರು. ಊಟ ಬಂದಿದೆ, ಇನ್ನು ನೀನು ಸಕ್ಕರೆ ಮಾಡುವುದನ್ನು ನಿಲ್ಲಿಸು ಎಂದು ಲಿವರಿಗೆ ಹೋಗಿ ಹೇಳುವುದು ಅದೇ. ಬಂದ ಸಕ್ಕರೆಯನ್ನು ಸಂಭಾಳಿಸಿಕೊಳ್ಳಿ ಎಂದು ಕರುಳಿನ ಕೊನೆಯಲ್ಲಿ ಮಲಗಿರುವವರನ್ನು ಎಬ್ಬಿಸುವುದೂ ಅದೇ. ಕೊಬ್ಬನ್ನು ಕೂಡಿಡಬೇಕೋ ಉರಿಸಬೇಕೋ ಎನ್ನುವುದರಲ್ಲಿಯೂ ಅದರ ಮಾತು ನಡೆಯುತ್ತದೆ. ಸುದ್ದಿ ಹೇಳುವವರು ಬರದಿದ್ದರೆ ಮನೆ ತನ್ನ ಪಾಡಿಗೆ ತಾನು ಸಕ್ಕರೆ ಮಾಡುತ್ತಲೇ ಕೂರುತ್ತದೆ. ಮಗಳ ಕಣ್ಣು ಮಂಜಾದದ್ದೂ ಜಿಡ್ಡಿನ ಜೊತೆ ಮೈಗೆ ಸೇರಬೇಕಾದ ಜೀವಸತ್ವ ಸೇರದೆ.

"ಅಂದ್ರ ಇದು ಸಿಟ್ಟಲ್ಲೇನ್ರಿ?" ಎಂದಳು ಕಸ್ತೂರಿ.

"ಅಲ್ಲವ್ವಾ. ನಿನ್ನ ಮನಸಿನಾಗ ಏನೂ ಇಲ್ಲ" ಎಂದರು ಡಾಕ್ಟರಬಾಯಿ.

ಅವಳ ಮುಖ ಹಗುರಾಯಿತು. ನಿಜವಾಗಿ ಹಗುರಾಯಿತು, ನಾನು ನೋಡಿದೆ. ಗಡ್ಡೆ ಕತ್ತರಿಸುವ ಹಂತ ದಾಟಿದೆ ಎಂದು ಅವರು ಮುಂದೆ ಹೇಳಿದ್ದನ್ನು ಅವಳು ಆ ನೆಮ್ಮದಿಯಲ್ಲೇ ಕೇಳಿಸಿಕೊಂಡಳು. ನನಗೆ ಮಾತ್ರ, ಇದು ಸಿಟ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಜೀವನಪೂರ್ತಿ ಒಣರೊಟ್ಟಿ ತಿಂದುಕೊಂಡು ಅವಳ ಕಾಲು ಹಿಡಿಯುತ್ತಿದ್ದೆ. ಕಹಿ ಇಳಿಸಿಬಿಡಿ, ತುರಿಕೆ ನಿಲ್ಲುತ್ತದೆ, ಇದ್ದಷ್ಟು ದಿನ ಉಂಡು ತಿಂದು ಇರುತ್ತಾರೆ ಎಂದು ಡಾಕ್ಟರಬಾಯಿ ನನಗೆ ಹೇಳಿ ಕಳಿಸಿದರು.

ಇಳಿಸುವುದು ಯಾರ ಬಾಯಿಗೆ? ಅವ್ವ ತಾನೇ ಮತ್ತೆ ಹೊರುತ್ತೇನೆ ಎಂದಳು. ಓಣಿಯ ಹಿರಿಯಳು ಸಂಗವ್ವಜ್ಜಿ ಬಂದು, ಒಮ್ಮೆ ಇಳಿಸಿದವರ ಮೈ ಅದನ್ನು ಮತ್ತೆ ಹಿಡಿಯುವುದಿಲ್ಲ ಎಂದಳು. ಗಂಡಸರ ಬಾಯಿಗೆ ಇಳಿಸಿದ್ದು ಊರಲ್ಲಿ ಕೇಳಿಲ್ಲ. ಉಳಿದವಳು ವಿಜಿ. ವಿಜಿ ಕೇಳಿ, ಆಗಲಿ ಎಂದಳು. ಹೇಳಿ ಹಿತ್ತಲಿಗೆ ಹೋಗಿ, ಅಂಗಡಿಯಿಂದ ತಂದಿಟ್ಟುಕೊಂಡಿದ್ದ ಉಂಡಿಗಳನ್ನು ಒಂದರ ಮೇಲೊಂದು ತಿಂದು ವಾಂತಿ ಮಾಡಿಕೊಂಡಳು. ಅದನ್ನು ನೋಡಿದ ಕಸ್ತೂರಿ, ಇಳಿಸುವ ಮಾತನ್ನೇ ಎತ್ತಬೇಡಿ ಎಂದಳು. ಹಬ್ಬ ಮುಗಿಯಲಿ, ಪರೀಕ್ಷೆ ಮುಗಿಯಲಿ ಎಂದು ಮುಂದೂಡುತ್ತ, ಮೈಯನ್ನು ರಕ್ತ ಬರುವ ಹಾಗೆ ಕೆರೆದುಕೊಳ್ಳುತ್ತ ಕೂತಳು.

ನನಗೆ ತಡೆಯಲಾಗಲಿಲ್ಲ. ನನ್ನ ಬಾಯಿಗೆ ಇಳಿಸು ಎಂದೆ.

"ನೀವು ಮಿಠಾಯಿ ಮಾಡೋರು" ಎಂದಳು. "ಬಾಯಿ ಸತ್ತ ಮ್ಯಾಲ ಹೆಂಗ ಮಾಡ್ತೀರಿ?"

"ಬಾಯಿ ಇಲ್ಲದಿದ್ರೂ ನೀ ನನಗ ಉಂಡಿ ಮಾಡೂದು ಕಲಿಸಿದಿ."

"ಅದು ಹಿಟ್ಟಿಂದು. ಸಕ್ಕರಿ ನನಗೇನು ಗೊತ್ತು?"

"ಗೊತ್ತು ಮಾಡ್ಕೊ" ಎಂದೆ. "ಒಮ್ಮಿ ನನ್ನ ಉಂಡಿ ತಿನ್ನು ಕಸ್ತೂರಿ. ನಾ ಇಷ್ಟ ವರ್ಷ ಯಾರಿಗಂತ ಮಾಡೇನಿ?"

ಮಾರನೆಯ ದಿನ ಮಧ್ಯಾಹ್ನ ಅವಳೇ ತುಪ್ಪದ ಬಟ್ಟಲು ತಂದು ಕೂತಳು. ಗಂಡಸಿನ ಹೊಟ್ಟೆ ಇದನ್ನು ತಾಳುತ್ತದೋ ಇಲ್ಲವೋ ಎಂದು ಸಂಗವ್ವಜ್ಜಿ ಗೊಣಗುತ್ತಲೇ ಇದ್ದಳು. ಕಸ್ತೂರಿ ಅನ್ನಕ್ಕೆ ತುಪ್ಪ ಕಲಸಿ ಅರ್ಧ ತಾನು ತಿಂದು, ಉಳಿದರ್ಧವನ್ನು ನನ್ನ ಬಾಯಿಗಿಟ್ಟಳು.

ಆ ಕಹಿಯನ್ನು ಏನೆಂದು ಹೇಳಲಿ! ಬಾಯಿಯೊಳಗೆ ಬೇವಿನ ಕಾಯಿ ಜಜ್ಜಿ ಇಟ್ಟ ಹಾಗೆ, ನಾಲಿಗೆಯ ಬುಡದಿಂದ ಎದೆಯವರೆಗೆ. ಹತ್ತೊಂಬತ್ತನೆಯ ವಯಸ್ಸಿನಿಂದ ಅವಳು ಇದನ್ನು ಬಾಯಲ್ಲಿಟ್ಟುಕೊಂಡು ನಕ್ಕಿದ್ದಾಳೆ, ಲಾಲಿ ಹಾಡಿದ್ದಾಳೆ, ನನ್ನ ಹೆಸರು ಹೇಳದೆ ನನ್ನನ್ನು ಕರೆದಿದ್ದಾಳೆ. ನನಗೆ ಅಳು ಬಂತು. ಕಹಿಗೆ ಅಂದುಕೊಂಡರು ಎಲ್ಲರೂ.

ಸಂಜೆ ಊಟಕ್ಕೆ ನಾನು ಮೊದಲ ತುತ್ತು ನುಂಗಿದೆ. ಕಹಿ ನನ್ನಿಂದ ಮೂರು ಪಾಲಾಗಿ ಹೋಯಿತು. ಬಾಯಿ ಒಂದು ಗಳಿಗೆ ಹಗುರಾಯಿತು. ಆಮೇಲೆ ಒಂದೊಂದೇ ತಿರುಗಿ ಬಂತು, ಯಾರದು ಯಾವುದೆಂದು ನಾಲಿಗೆಗೆ ತಾನಾಗಿಯೇ ಗೊತ್ತಾಗುತ್ತಿತ್ತು. ಅವ್ವನದು ನಿಧಾನ. ವಿಜಿಯದು ಓಡುತ್ತ ಬರುವುದು, ಅದರಲ್ಲಿ ಅವಳು ಊಟವಾದ ಮೇಲೆ ಕದ್ದು ತಿಂದ ಶೇಂಗಾ ಚಿಕ್ಕಿಯ ಸುಳಿವೂ ಇತ್ತು. ಹಾಗಾದರೆ ಕಸ್ತೂರಿಗೆ ನಮ್ಮದೆಲ್ಲ ಗೊತ್ತಿತ್ತು. ಯಾರು ಹೊಟ್ಟೆ ತುಂಬ ಉಂಡರು, ಯಾರು ಉಂಡ ಹಾಗೆ ಮಾಡಿ ಎದ್ದರು, ಎಲ್ಲ. ಅವಳದೇ ಪಾಲು ಕೊನೆಗೆ ಬಂತು. ಸ್ವಲ್ಪವೇ ಉಂಡಿದ್ದಳು, ಆದರೆ ಉಂಡಿದ್ದಳು. ಕೆಲವು ದಿನಗಳಲ್ಲಿ ತುರಿಕೆ ನಿಂತಿತು. ಕಣ್ಣಿನ ಹಳದಿ ತಿಳಿಯಾಯಿತು. ವಿಜಿ ಸಂಜೆ ಹೊತ್ತು ಚೌಕಟ್ಟಿಗೆ ಹಾಯುವುದನ್ನು ಬಿಟ್ಟಳು. ಗಡ್ಡೆ ಮಾತ್ರ ಇದ್ದಲ್ಲೇ ಇತ್ತು.

ಉಂಡಿ ಬೇಕು ಎಂದು ಅವಳೇ ಕೇಳಿದಳು. ಅವತ್ತು ನಾನು ಅಂಗಡಿ ತೆರೆಯಲಿಲ್ಲ. ಕಡಲೆಹಿಟ್ಟನ್ನು ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹುರಿದೆ, ಹಿಟ್ಟು ಹಗುರಾಗಿ ಕಡೆಯಲ್ಲಿ ತುಪ್ಪ ಬಿಡುವವರೆಗೆ. ಆರಿಸಿ, ಅಪ್ಪನ ಕಾಲದ ಅಳತೆಯಲ್ಲೇ ಪುಡಿಸಕ್ಕರೆ ಹಾಕಿ ಕಟ್ಟಿದೆ. ಅವಳನ್ನು ಗೋಡೆಗೆ ದಿಂಬು ಕೊಟ್ಟು ಕೂರಿಸಿದ್ದೆವು. ನನ್ನ ತುತ್ತಾದ ಮೇಲೆ ಅವಳು ಉಂಡಿ ಮುರಿದು ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಿದಳು. ಬಹಳ ಹೊತ್ತು ಅಗಿದಳು. ನಾನು ಮತ್ತೆ ಬಾಗಿಲ ಮರೆಯಲ್ಲಿ ನಿಂತ ಹುಡುಗನಾಗಿದ್ದೆ.

"ಸಕ್ಕರಿ ಭಾಳ ಆಗೇತ್ರಿ" ಎಂದಳು.

ಅವ್ವನಿಗೆ ಸಿಟ್ಟೇ ಬಂತು. ಊರೆಲ್ಲ ಬಾಯಿ ಚಪ್ಪರಿಸಿ ತಿನ್ನುವ ಉಂಡಿ, ನಿನಗೆ ನಿನ್ನೆ ಮೊನ್ನೆ ಬಂದ ಬಾಯಿ ಎಂದಳು. ಕಸ್ತೂರಿ ನಗುತ್ತ, "ಸಕ್ಕರಿ ಮುಂದ ಬಂದು ನಿಂತು ಹಿಟ್ಟಿಗೆ ಮಾತಾಡಗೊಡವಲ್ದು" ಎಂದಳು. ನಾನು ಪೆಚ್ಚಾಗಲಿಲ್ಲ ಎಂದರೆ ಸುಳ್ಳು. ಆದರೆ ಮಾರನೆಯ ದಿನ ಒಂದು ಹಿಡಿ ಕಡಿಮೆ ಹಾಕಿ ಮಾಡಿದೆ. ಇನ್ನೂ ಹೆಚ್ಚು ಎಂದಳು. ಮತ್ತೆ ಕಡಿಮೆ ಮಾಡಿದೆ. ನನ್ನ ನಾಲಿಗೆಗೆ ಎಲ್ಲ ಒಂದೇ. ಅವಳ ಮುಖ ನೋಡಿಕೊಂಡು ಸಕ್ಕರೆ ಹಾಕುವ ಕೈ ಹಿಡಿಯುತ್ತಿದ್ದೆ. ದಿನಾ ಒಂದು ಉಂಡಿ ತಿನ್ನುತ್ತಿದ್ದವಳು ಅರ್ಧಕ್ಕೆ ಬಂದಳು, ಆಮೇಲೆ ಬೆರಳ ತುದಿಯಷ್ಟಕ್ಕೆ. ಅವಳ ಪಾಲಿನ ಕಹಿ ದಿನದಿಂದ ದಿನಕ್ಕೆ ಹೆಚ್ಚು ಹೆಚ್ಚಾಗಿ ಹಾಗೇ ವಾಪಸು ಬರುತ್ತಿತ್ತು. ಊಟ ಸೇರಿತಾ ಎಂದು ಅವ್ವ ಕೇಳಿದರೆ ಕಸ್ತೂರಿ ಹೊಟ್ಟೆ ತುಂಬಿತು ಅನ್ನುತ್ತಿದ್ದಳು. ನಾನು ಅವಳನ್ನು ನೋಡುತ್ತಿದ್ದೆ, ಅವಳು ನನ್ನನ್ನು ನೋಡುತ್ತಿದ್ದಳು. ಕಹಿ ಹೊತ್ತ ಬಾಯಿಗೆ ಸುಳ್ಳು ಹೇಳಲಾಗದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಕೊನೆಗೊಂದು ದಿನ ಬೆರಳ ತುದಿಯ ಚೂರನ್ನು ಬಾಯಿಗಿಟ್ಟುಕೊಂಡು, "ಈಗ ನೋಡ್ರಿ" ಎಂದಳು. "ಈಗ ಹಿಟ್ಟೂ ಐತಿ, ಸಕ್ಕರಿನೂ ಐತಿ. ಛಲೋ ಆಗೇತಿ."

ಮದುವೆಯಾದಂದಿನಿಂದ ನಾನು ಕಾದಿದ್ದ ಮಾತು. ಕೇಳಿ ಸಂತೋಷಪಡಬೇಕಾಗಿತ್ತು, ನನ್ನ ಕಣ್ಣು ಮಾತ್ರ ತಟ್ಟೆಯಲ್ಲಿ ಹಾಗೇ ಉಳಿದ ಉಂಡಿಯ ಮೇಲಿತ್ತು.

ಅದಾಗಿ ಸ್ವಲ್ಪ ದಿನಕ್ಕೆ, ಮಧ್ಯಾಹ್ನದ ಊಟದ ಹೊತ್ತು. ಕಸ್ತೂರಿ ಎಂದಿನಂತೆ ದಿಂಬಿಗೆ ಒರಗಿದ್ದಳು, ಮುಂದೆ ತಟ್ಟೆ, ಕೈಯಲ್ಲಿ ಉಂಡಿಯ ಚೂರು. ವಿಜಿ ಅವಳಿಗೆ ಶಾಲೆಯ ಯಾವುದೋ ಜಗಳ ಹೇಳುತ್ತ ಉಣ್ಣುತ್ತಿದ್ದಳು. ನಾನು ತುತ್ತು ನುಂಗಿದೆ. ಮೂರು ಪಾಲೂ ಹೋದವು. ಮೊದಲು ಬಂದದ್ದು ಕಸ್ತೂರಿಯದು. ಹೋದ ಬಿರುಸಿನಲ್ಲೇ, ಹೋದಷ್ಟೇ, ಒಂದು ಚೂರೂ ಅಲ್ಲಿ ಉಳಿಯದೆ ತಿರುಗಿ ಬಂತು. ನನಗೆ ತಲೆಯೆತ್ತಿ ನೋಡುವ ಅಗತ್ಯವಿರಲಿಲ್ಲ. ವಿಜಿಯ ತಟ್ಟೆಯಲ್ಲಿ ಇನ್ನೂ ಅನ್ನವಿತ್ತು. ಇನ್ನು ಎಷ್ಟು ದಿನ ಅವಳಿಗೆ ಊಟ ಸೇರುವುದಿಲ್ಲವೋ, ಇದೊಂದನ್ನು ಉಂಡುಬಿಡಲಿ ಎಂದು ಸುಮ್ಮನೆ ಕೂತೆ. ಅವಳು ಜಗಳದ ಕಥೆ ಮುಗಿಸಿದಳು. ಮಜ್ಜಿಗೆ ಬಡಿಸಿದೆ. ಮಜ್ಜಿಗೆ ಅನ್ನ ಉಂಡಳು. ಅವಳ ಪಾಲು ನನ್ನ ಬಾಯಿಗೆ ತಿರುಗಿ ಬಂದ ಮೇಲೆ, ಕೈ ತೊಳೆದುಕೊಂಡು ಬಾ ಮಗಳೇ, ಎಂದೆ.

ಈಗ ಅಂಗಡಿಯಲ್ಲಿ ಅವಳ ಅಳತೆಯಲ್ಲೇ ಉಂಡಿ ಕಟ್ಟುತ್ತೇನೆ. ಮುದುಕಿಯರು ಮೂಗು ಮುರಿಯುತ್ತಾರೆ. ಸಕ್ಕರೆ ಅಷ್ಟು ತುಟ್ಟಿಯಾಯಿತೇನೋ, ಹೆಂಡತಿಯ ಜೊತೆ ನಿನ್ನ ಕೈಯೂ ಹೋಯಿತೇನೋ ಎಂದು ಸಂಗವ್ವಜ್ಜಿ ಎಲ್ಲರೆದುರು ಕೇಳಿದಳು. ಕೆಲವರು ಬರುವುದನ್ನೇ ಬಿಟ್ಟರು. ಅಪ್ಪನ ಅಳತೆ ನನಗೆ ಮರೆತಿಲ್ಲ, ಹಾಕಬಹುದು. ಹಾಕಲು ಹೋದರೆ ಕೈ ನಿಲ್ಲುತ್ತದೆ. ದೊಡ್ಡವಳಾದ ಮೇಲೆ ಕಹಿಯನ್ನು ನನ್ನ ಬಾಯಿಗೆ ಇಳಿಸು ಎಂದು ವಿಜಿ ಆಗಾಗ ಹೇಳುತ್ತಾಳೆ. ನೋಡೋಣ ಅನ್ನುತ್ತೇನೆ. ಕೊಡುವ ಮನಸ್ಸಿಲ್ಲ ಎಂದು ಅವಳಿಗೆ ಹೇಳುವುದು ಹೇಗೆ?

ಇವತ್ತೂ ಊಟಕ್ಕೆ ಕೂತು ತುಪ್ಪದ ಮೊದಲ ತುತ್ತು ನಾನೇ ನುಂಗಿದೆ. ನನ್ನನ್ನು ಬಿಟ್ಟರೆ ಮನೆಯಲ್ಲಿ ಉಣ್ಣುವವರು ಇಬ್ಬರು, ಕಹಿ ಹೋಗುವುದು ಮಾತ್ರ ಮೂರು ಪಾಲಾಗಿ. ಅವ್ವನದು ನಿಧಾನವಾಗಿ ಬಂತು. ವಿಜಿಯದು ಓಡುತ್ತ ಬಂತು. ಕಸ್ತೂರಿಯದು ಎಲ್ಲೆಲ್ಲಿ ಹುಡುಕಿತೋ, ಹೋದಷ್ಟೇ ಬಂತು.